ಯಂತ್ರಜಾಲಗಳಲ್ಲಿ ಚಲನವಾರ್ತೆಯ ಪ್ರಾಮಾಣ್ಯವಿಚಾರ

೧. ಉಪೋದ್ಘಾತ

ಒಬ್ಬನು ಆಡಿದ ಮಾತು ಮತ್ತೊಬ್ಬನ ಕಿವಿಯನ್ನು ಸೇರುವಷ್ಟರಲ್ಲಿ ಕೆಡಬಹುದೆಂಬುದು ಶಾಸ್ತ್ರವ್ಯಾಸಂಗವುಳ್ಳವರಿಗೆ ಹೊಸ ಸಂಗತಿಯಲ್ಲ. ವೇದವನ್ನು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದವರು ಈ ಭಯದಿಂದಲೇ ಪದ, ಕ್ರಮ, ಜಟಾ, ಘನ ಎಂಬ ಪಾಠಗಳನ್ನು ಕಟ್ಟಿದರು. ಓಲೆಗರಿಯ ಪ್ರತಿಗಳನ್ನು ಹೋಲಿಸಿ ಕಾವ್ಯಗಳನ್ನು ಸಂಪಾದಿಸಿದವರು ಪ್ರಾಸ, ಗಣ, ಮಾತ್ರೆಗಳ ನೆರವಿನಿಂದ ಲಿಪಿಕಾರರ ಪ್ರಮಾದಗಳನ್ನು ಕಂಡುಹಿಡಿದರು. ಈ ಎರಡು ಪ್ರಯತ್ನಗಳ ಹಿಂದೆ ಇರುವ ಪ್ರಶ್ನೆಯು ಒಂದೇ: ಕೈಗೆ ಬಂದ ಮಾತು ಅಲ್ಲಿಂದ ಹೊರಟ ಮಾತೇ ಅಹುದೆಂದು ತಿಳಿಯುವುದು ಹೇಗೆ?

ಈ ಪ್ರಶ್ನೆಯು ಇಂದು ಕಾರ್ಖಾನೆಗಳಲ್ಲಿ ಯಂತ್ರಕ್ಕೂ ಯಂತ್ರಕ್ಕೂ ನಡುವೆ ಹುಟ್ಟಿದೆ. ಅಲ್ಲಿ ಉತ್ತರವು ತಪ್ಪಿದರೆ ಕೆಡುವುದು ಪದ್ಯದ ಪಾಠವಲ್ಲ. ಕೆಲಸಗಾರನ ಕೈಯೋ ಪ್ರಾಣವೋ ಹೋಗುವುದು. ತಿರುಗುವ ಅಕ್ಷವು ತಾನು ಎಲ್ಲಿರುವೆನು, ಯಾವ ವೇಗದಲ್ಲಿ ತಿರುಗುತ್ತಿರುವೆನು ಎಂಬುದನ್ನು ತನ್ನ ನಿಯಂತ್ರಕಕ್ಕೆ ಕ್ಷಣಕ್ಷಣಕ್ಕೂ ತಿಳಿಸುತ್ತಿರಬೇಕು. ಈ ತಿಳಿಸುವಿಕೆಯನ್ನೇ ಇಲ್ಲಿ ಚಲನವಾರ್ತೆಯೆಂದು ಕರೆಯಲಾಗಿದೆ. ಅದು ಜಾಲದ ಮೂಲಕ ಹೋಗುವಾಗ ಅದರ ಪ್ರಾಮಾಣ್ಯವನ್ನು ಹೇಗೆ ನಿಶ್ಚಯಿಸುತ್ತಾರೆ, ನಿಶ್ಚಯವಾಗದಿದ್ದರೆ ಏನು ಮಾಡುತ್ತಾರೆ, ಆ ನಿಶ್ಚಯಕ್ಕೆ ಎಲ್ಲೆ ಎಲ್ಲಿಯವರೆಗೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಹಳೆಯ ಶಾಸ್ತ್ರಗಳಲ್ಲಿ ಈ ಯಂತ್ರಗಳು ಮೊದಲೇ ಇದ್ದುವೆಂದು ಸಾಧಿಸುವುದು ಇಲ್ಲಿಯ ಉದ್ದೇಶವಲ್ಲ. ಪರಿಚಿತವಾದ ಪರಿಭಾಷೆಯು ಅಪರಿಚಿತವಾದ ವಸ್ತುವನ್ನು ಬೆಳಗಬಲ್ಲುದಾದರೆ ಅದನ್ನು ಬಳಸಿಕೊಳ್ಳುವುದು ಯುಕ್ತವೆಂಬಷ್ಟೇ ಅಭಿಪ್ರಾಯ.

೨. ವಾರ್ತೆಯ ಉತ್ಪತ್ತಿ

ಯಂತ್ರದ ಅಪಾಯದಿಂದ ಮನುಷ್ಯನನ್ನು ಕಾಪಾಡುವುದಕ್ಕೆ ಎರಡು ದಾರಿಗಳುಂಟು. ಬೇಲಿ ಹಾಕುವುದು ಒಂದು. ಬೇಲಿಯು ಯಾವ ಕೆಲಸವನ್ನೂ ಮಾಡಬೇಕಾಗಿಲ್ಲ, ಇದ್ದರೆ ಸಾಕು. ಅಪಾಯವು ಸಮೀಪಿಸಿದಾಗ ಯಾವುದೋ ಒಂದು ಉಪಕರಣವು ತನ್ನ ಕೆಲಸವನ್ನು ತಪ್ಪದೆ ಮಾಡಿ ಯಂತ್ರವನ್ನು ತಡೆಯುವುದು ಮತ್ತೊಂದು. ಈ ಎರಡನೆಯ ಬಗೆಯನ್ನು ಯಂತ್ರಶಾಸ್ತ್ರಜ್ಞರು ಫಂಕ್ಷನಲ್ ಸೇಫ್ಟಿ ಎನ್ನುತ್ತಾರೆ. ಕನ್ನಡದಲ್ಲಿ ಕಾರ್ಯಾಧೀನ ರಕ್ಷಣೆ ಎನ್ನಬಹುದು. ಐ.ಇ.ಸಿ. ೬೧೫೦೮ ಎಂಬ ಅಂತರರಾಷ್ಟ್ರೀಯ ಮಾನಕವು ಇದರ ಮೂಲಗ್ರಂಥ. ಅದರ ಭಾಗಗಳು ೧೯೯೮ರಿಂದ ೨೦೦೦ದವರೆಗೆ ಹೊರಬಂದುವು. ೨೦೧೦ರಲ್ಲಿ ಎರಡನೆಯ ಆವೃತ್ತಿಯಾಯಿತು.

ಉದಾಹರಣೆಗೆ, ಕೆಲಸಗಾರನೊಬ್ಬನು ರಕ್ಷಣಾದ್ವಾರವನ್ನು ತೆರೆದು ಯಂತ್ರದೊಳಗೆ ಕೈಯಿಟ್ಟು ಉಪಕರಣವನ್ನು ಹೊಂದಿಸುತ್ತಿರುವನೆನ್ನೋಣ. ಆ ಹೊತ್ತಿನಲ್ಲಿ ಯಂತ್ರವು ಪೂರ್ತಿಯಾಗಿ ನಿಂತರೆ ಅವನ ಕೆಲಸ ಸಾಗದು. ಅದು ಮೆಲ್ಲನೆ ಚಲಿಸುತ್ತಿರಬೇಕು. ಆದರೆ ಗೊತ್ತುಮಾಡಿದ ವೇಗವನ್ನು ಎಂದಿಗೂ ಮೀರಕೂಡದು. ಮೀರಿತೆಂದು ತಿಳಿದೊಡನೆಯೇ ಮೋಟಾರಿನ ಶಕ್ತಿಯನ್ನು ತಡೆಯಬೇಕು. ಈ ಏರ್ಪಾಡೆಲ್ಲವೂ ಒಂದೇ ಒಂದು ಸಂಗತಿಯ ಮೇಲೆ ನಿಂತಿದೆ: ಅಕ್ಷದ ನಿಜವಾದ ವೇಗವು ನಿಯಂತ್ರಕಕ್ಕೆ ತಿಳಿದಿರಬೇಕು.

ಅದನ್ನು ತಿಳಿಸುವ ಉಪಕರಣಕ್ಕೆ ಎನ್‌ಕೋಡರ್ ಎಂದು ಹೆಸರು. ಅದರೊಳಗೆ ಅಕ್ಷದೊಡನೆ ತಿರುಗುವ ಒಂದು ಬಿಲ್ಲೆಯಿರುತ್ತದೆ. ಬಿಲ್ಲೆಯ ಮೇಲೆ ಸೂಕ್ಷ್ಮವಾದ ಗೆರೆಗಳಿರುತ್ತವೆ. ಬೆಳಕು ಗೆರೆಗಳ ನಡುವೆ ಹಾದು ಬರುವಾಗ ಏರುತ್ತ ಇಳಿಯುತ್ತ ಎರಡು ವಿದ್ಯುತ್ತರಂಗಗಳನ್ನು ಹುಟ್ಟಿಸುತ್ತದೆ. ಒಂದು ಸೈನ್, ಮತ್ತೊಂದು ಕೊಸೈನ್. ಎಂದರೆ ಜ್ಯಾ ಮತ್ತು ಕೋಟಿಜ್ಯಾ. ಇವೆರಡರ ಬೆಲೆಗಳಿಂದ ಅಕ್ಷವು ಗೆರೆಗಳ ನಡುವೆ ಎಲ್ಲಿ ನಿಂತಿದೆಯೆಂಬುದು ಗೊತ್ತಾಗುತ್ತದೆ. ಇದಲ್ಲದೆ, ಜ್ಯಾವರ್ಗವನ್ನೂ ಕೋಟಿಜ್ಯಾವರ್ಗವನ್ನೂ ಕೂಡಿದರೆ ತ್ರಿಜ್ಯಾವರ್ಗವೇ ಬರಬೇಕೆಂಬುದು ಜ್ಯೋತಿಷವನ್ನು ಓದಿದವರೆಲ್ಲರೂ ಬಲ್ಲ ನಿಯಮ. ಎನ್‌ಕೋಡರಿನ ಎರಡು ತರಂಗಗಳಲ್ಲಿ ಒಂದು ಕ್ಷೀಣಿಸಿದರೆ ಈ ಮೊತ್ತವು ತಪ್ಪುತ್ತದೆ. ಆಗ ನಿಯಂತ್ರಕವು, ಅಕ್ಷ ಎಲ್ಲಿದೆಯೆಂದು ಅರಿಯದೆಯೇ, ಬಂದ ವಾರ್ತೆಯು ನಂಬತಕ್ಕದ್ದಲ್ಲವೆಂದು ಅರಿಯಬಲ್ಲುದು. ಹೇಳಿದ ಮಾತಿನೊಳಗೇ ಅದರ ಪರೀಕ್ಷೆಯೂ ಅಡಗಿರುವುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನವಿಲ್ಲ.

ಸೈನ್ ಎಂಬ ಹೆಸರಿನ ಚರಿತ್ರೆಯೂ ಪ್ರಕೃತಕ್ಕೆ ಉಪಯುಕ್ತವಾಗಿದೆ. ಆರ್ಯಭಟನು ೪೯೯ರಲ್ಲಿ ರಚಿಸಿದ ಗ್ರಂಥದಿಂದ ಪ್ರಸಿದ್ಧವಾದ ಜ್ಯಾ ಎಂಬುದಕ್ಕೆ ಜೀವಾ ಎಂಬ ಪರ್ಯಾಯವುಂಟು. ಅರಬ್ಬರು ಅದನ್ನು ಜೀಬ ಎಂದು ತಮ್ಮ ಲಿಪಿಯಲ್ಲಿ ಬರೆದುಕೊಂಡರು. ಆ ಲಿಪಿಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲವಾದುದರಿಂದ ಮುಂದಿನವರು ಅದನ್ನು ಮಡಿಲು ಎಂಬರ್ಥದ ಜೈಬ್ ಎಂದು ಓದಿದರು. ಹನ್ನೆರಡನೆಯ ಶತಮಾನದ ಲ್ಯಾಟಿನ್ ಭಾಷಾಂತರಕಾರರು ಅದಕ್ಕೆ ಸರಿಯಾಗಿ ಸೈನಸ್ ಎಂದು ಬರೆದರು. ಬಿಲ್ಲಿನ ಹೆದೆಯು ಹೀಗೆ ಮಡಿಲಾಯಿತು. ತಪ್ಪಿದ ಪಾಠವೂ ಅರ್ಥವುಳ್ಳ ಶಬ್ದವೇ ಆಗಿದ್ದುದರಿಂದ ಯಾರಿಗೂ ಸಂದೇಹ ಬರಲಿಲ್ಲ. ಅರ್ಥವಿಲ್ಲದ ತಪ್ಪಿಗಿಂತ ಅರ್ಥವುಳ್ಳ ತಪ್ಪು ಹೆಚ್ಚು ಅಪಾಯಕರವೆಂಬುದನ್ನು ಮುಂದಿನ ವಿಚಾರದಲ್ಲಿ ನೆನಪಿಡತಕ್ಕದ್ದು.

೩. ಮಾರ್ಗದ ಎಂಟು ದೋಷಗಳು

೧೯೯೦ರ ದಶಕದವರೆಗೆ ರಕ್ಷಣೆಗೆ ಸಂಬಂಧಿಸಿದ ಸಂಜ್ಞೆಗಳಿಗೆ ಸಾಮಾನ್ಯವಾಗಿ ಪ್ರತ್ಯೇಕವಾದ ತಂತಿಗಳನ್ನು ಎಳೆಯುತ್ತಿದ್ದರು. ಒಂದು ತಂತಿ, ಒಂದು ಅರ್ಥ. ತಂತಿ ಕಡಿದರೆ ಯಂತ್ರ ನಿಲ್ಲುವುದು. ಅನಂತರ ನೂರಾರು ಉಪಕರಣಗಳ ಮಾತೆಲ್ಲವೂ ಒಂದೇ ಜಾಲದ ಮೂಲಕ ಹರಿಯತೊಡಗಿದಾಗ ರಕ್ಷಣೆಯ ಮಾತೂ ಅದರಲ್ಲಿಯೇ ಹೋಗಬಹುದೇ ಎಂಬ ಪ್ರಶ್ನೆ ಬಂದಿತು. ಅದಕ್ಕೆ ಉತ್ತರವಾಗಿ ಪ್ರೊಫಿಸೇಫ್, ಸಿ.ಐ.ಪಿ. ಸೇಫ್ಟಿ, ಸೇಫ್ಟಿ ಓವರ್ ಈಥರ್‌ಕ್ಯಾಟ್, ಓಪನ್‌ಸೇಫ್ಟಿ ಮೊದಲಾದ ನಿಯಮಾವಳಿಗಳು ಹುಟ್ಟಿದುವು. ಇವೆಲ್ಲಕ್ಕೂ ಸಾಮಾನ್ಯವಾದ ತತ್ತ್ವಗಳನ್ನು ಐ.ಇ.ಸಿ. ೬೧೭೮೪ರ ಮೂರನೆಯ ಭಾಗವು ನಿರೂಪಿಸುತ್ತದೆ. ಅದರ ಮೊದಲ ಆವೃತ್ತಿ ೨೦೦೭ರಲ್ಲಿ ಹೊರಬಂದಿತು. ಜಾಲದಲ್ಲಿ ಮಾತು ಕೆಡುವ ಬಗೆಗಳನ್ನು ಆ ಮಾನಕವು ಎಂಟಾಗಿ ಎಣಿಸಿದೆ. ಅವುಗಳನ್ನು ಕನ್ನಡದಲ್ಲಿ ಹೀಗೆ ಹೇಳಬಹುದು.

ಮೊದಲನೆಯದು ವಿಕಾರ: ಸಂದೇಶದ ಅಂಕಗಳು ಬದಲಾಗುವುದು. ಎರಡನೆಯದು ಪುನರುಕ್ತಿ: ಹಳೆಯ ಸಂದೇಶವೇ ಮತ್ತೆ ಬರುವುದು. ಮೂರನೆಯದು ವ್ಯುತ್ಕ್ರಮ: ಹಿಂದಿನದು ಮುಂದಾಗಿ ಮುಂದಿನದು ಹಿಂದಾಗಿ ಬರುವುದು. ನಾಲ್ಕನೆಯದು ಲೋಪ: ಸಂದೇಶವು ಬಾರದೆಯೇ ಹೋಗುವುದು. ಐದನೆಯದು ವಿಳಂಬ: ಸಲ್ಲದಷ್ಟು ತಡವಾಗಿ ಬರುವುದು. ಆರನೆಯದು ಪ್ರಕ್ಷೇಪ: ಸಂಬಂಧವಿಲ್ಲದ ಸಂದೇಶವು ನಡುವೆ ಸೇರಿಕೊಳ್ಳುವುದು. ಏಳನೆಯದು ವೇಷಾಂತರ: ರಕ್ಷಣೆಗೆ ಸಂಬಂಧಿಸದ ಸಾಮಾನ್ಯ ಸಂದೇಶವು ರಕ್ಷಣಾಸಂದೇಶದಂತೆ ತೋರುವುದು. ಎಂಟನೆಯದು ಅನ್ಯಗಮನ: ಒಬ್ಬನಿಗೆ ಹೇಳಿದ ಮಾತು ಮತ್ತೊಬ್ಬನನ್ನು ಸೇರುವುದು. ಗ್ರಂಥಸಂಪಾದಕರು ಈ ಪಟ್ಟಿಯನ್ನು ನೋಡಿದರೆ ಹೆಚ್ಚಿನವು ಅವರಿಗೆ ಹಳೆಯ ಪರಿಚಿತರಂತೆಯೇ ಕಾಣುವುವು. ಅಕ್ಷರ ಕೆಟ್ಟುದು, ಸಾಲು ಎರಡು ಸಲ ಬಂದುದು, ಗರಿಗಳು ಹಿಂದುಮುಂದಾದುದು, ಗರಿ ಕಳೆದುಹೋದುದು, ಬೇರೆ ಕವಿಯ ಪದ್ಯ ಸೇರಿಕೊಂಡುದು: ಇವೆಲ್ಲವನ್ನೂ ಓಲೆಯ ಕಟ್ಟುಗಳಲ್ಲಿ ಕಾಣಬಹುದು.

ಆದರೆ ಪುನರುಕ್ತಿ ಮತ್ತು ವಿಳಂಬ ಎಂಬ ಎರಡು ಯಂತ್ರದಲ್ಲಿ ಪಡೆಯುವ ಭೀಕರತೆ ಗ್ರಂಥದಲ್ಲಿ ಇಲ್ಲ. ನಿಂತಿದ್ದ ಅಕ್ಷವು ‘ನಿಂತಿದ್ದೇನೆ’ ಎಂದು ಹೇಳಿದ ಸಂದೇಶವು ಜಾಲದ ಯಾವುದೋ ಭಾಗದಲ್ಲಿ ಸಿಕ್ಕಿಕೊಂಡು ಮತ್ತೆ ಮತ್ತೆ ಬರುತ್ತಿರಲಿ. ಅಷ್ಟರಲ್ಲಿ ಅಕ್ಷವು ತಿರುಗತೊಡಗಿರಲಿ. ಪ್ರತಿಯೊಂದು ಸಂದೇಶವೂ ಅಕ್ಷರಶಃ ಶುದ್ಧ. ಒಂದು ಕಾಲದಲ್ಲಿ ನಿಜವೂ ಆಗಿದ್ದುದೇ. ಆದರೂ ಅದನ್ನು ನಂಬಿದ ನಿಯಂತ್ರಕವು ತಿರುಗುವ ಅಕ್ಷವನ್ನು ನಿಂತುದೆಂದು ತಿಳಿಯುವುದು, ದ್ವಾರವು ತೆರೆಯುವುದು, ಕೆಲಸಗಾರನು ಕೈ ಚಾಚುವನು.

ವಿಳಂಬದ ಬೆಲೆಯನ್ನು ಅಳತೆಯಿಂದಲೇ ಹೇಳಬಹುದು. ಮನುಷ್ಯನ ಕೈ ಅಪಾಯದ ಕಡೆಗೆ ಸಾಗುವ ವೇಗವನ್ನು, ಸಮೀಪದ ದೂರಗಳಿಗೆ, ಸೆಕೆಂಡಿಗೆ ೨ ಮೀಟರ್ ಎಂದು ಐ.ಎಸ್.ಓ. ೧೩೮೫೫ ಎಂಬ ಮಾನಕವು ಲೆಕ್ಕಕ್ಕೆ ಹಿಡಿಯುತ್ತದೆ. ಸಂದೇಶವು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗದಷ್ಟು, ಎಂದರೆ ೫೦ ಮಿಲಿಸೆಕೆಂಡು, ತಡವಾದರೆ ಕೈ ೧೦ ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಆದಕಾರಣ ತಡವಾಗಿ ಬಂದ ಸತ್ಯವೂ ಇಲ್ಲಿ ಅಸತ್ಯಗಳ ಪಂಕ್ತಿಯಲ್ಲಿಯೇ ಕುಳಿತುಕೊಳ್ಳುತ್ತದೆ.

೪. ಪೂರ್ವಪಕ್ಷ ಸಿದ್ಧಾಂತಗಳು

ಇಲ್ಲಿ ಒಂದು ಪೂರ್ವಪಕ್ಷವುಂಟು. ದೋಷಗಳು ಮಾರ್ಗದಲ್ಲಿ ಹುಟ್ಟುವುದಾದರೆ ಮಾರ್ಗವನ್ನೇ ನಿರ್ದೋಷವಾಗಿ ಮಾಡಬೇಕು. ತಂತಿ, ಕೂಡುಕಟ್ಟೆ, ನಡುವಿನ ಉಪಕರಣ ಎಲ್ಲವನ್ನೂ ಪರೀಕ್ಷಿಸಿ ಪ್ರಮಾಣಪತ್ರ ಪಡೆದವುಗಳನ್ನೇ ಬಳಸಬೇಕು. ಮಾರ್ಗವು ಶುದ್ಧವಾದರೆ ಮಾತೂ ಶುದ್ಧ.

ಈ ಪಕ್ಷವು ಅಸಂಭವವಲ್ಲ. ಅದನ್ನು ಬಿಳಿಯ ಮಾರ್ಗವೆಂದು ಕರೆಯುವುದುಂಟು. ಆದರೆ ಅದರಲ್ಲಿ ಗೌರವದೋಷವಿದೆ. ಜಾಲದಲ್ಲಿ ಒಂದು ಸಾಮಾನ್ಯವಾದ ಭಾಗವನ್ನು ಬದಲಾಯಿಸಿದರೂ ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕಾಗುವುದು. ಅಲ್ಲದೆ ನಿರ್ದೋಷವೆಂದು ಒಮ್ಮೆ ನಿಶ್ಚಯಿಸಿದ ಮಾರ್ಗವು ಮುಂದೆಯೂ ಹಾಗೆಯೇ ಇರುವುದೆಂಬುದಕ್ಕೆ ಪ್ರಮಾಣವೇನು? ಹೊಗೆ, ಕಂಪನ, ಪಕ್ಕದ ಮೋಟಾರುಗಳ ವಿದ್ಯುತ್ಕ್ಷೋಭೆ ಇವು ಕಾರ್ಖಾನೆಯಲ್ಲಿ ನಿತ್ಯವಾದುವು.

ಸಿದ್ಧಾಂತವು ಇದಕ್ಕೆ ಪ್ರತಿಕೂಲವಾದ ದಿಕ್ಕಿನಲ್ಲಿ ಹೊರಡುತ್ತದೆ. ಮಾರ್ಗದ ವಿಷಯದಲ್ಲಿ ಯಾವ ಗುಣವನ್ನೂ ಊಹಿಸಕೂಡದು. ಅದು ಒಳಗೇನಿದೆಯೆಂದು ಕಾಣದ ಕತ್ತಲೆಯ ಕೊಳವೆಯೆಂದೇ ಭಾವಿಸಬೇಕು. ಎಂಟು ದೋಷಗಳಲ್ಲಿ ಯಾವುದಾದರೂ ಯಾವಾಗಲಾದರೂ ಸಂಭವಿಸಬಹುದೆಂದು ಒಪ್ಪಿ, ಅವು ಸಂಭವಿಸಿದುವೆಂದು ಕಂಡುಹಿಡಿಯುವ ಭಾರವನ್ನು ಎರಡು ತುದಿಗಳಲ್ಲಿರುವ ವಕ್ತೃ ಶ್ರೋತೃಗಳ ಮೇಲೆಯೇ ಇಡಬೇಕು. ಇದಕ್ಕೆ ಬ್ಲ್ಯಾಕ್ ಚಾನೆಲ್ ತತ್ತ್ವ ಎಂದು ಹೆಸರು. ಕನ್ನಡದಲ್ಲಿ ಇದನ್ನು ಅಜ್ಞಾತಮಾರ್ಗತತ್ತ್ವವೆನ್ನಬಹುದು. ಮೇಲೆ ಹೆಸರಿಸಿದ ನಿಯಮಾವಳಿಗಳೆಲ್ಲವೂ ಇದನ್ನೇ ಅವಲಂಬಿಸಿವೆ. ಇದರಿಂದ ರಕ್ಷಣೆಯ ಮಾತು ಸಾಮಾನ್ಯವಾದ ತಂತಿಯಲ್ಲಿಯೂ ತಂತಿಯಿಲ್ಲದ ರೇಡಿಯೋ ಮಾರ್ಗದಲ್ಲಿಯೂ ಹೋಗಬಹುದಾಯಿತು. ಮಾರ್ಗವನ್ನು ನಂಬದಿರುವುದರಿಂದಲೇ ಯಾವ ಮಾರ್ಗವನ್ನಾದರೂ ಬಳಸುವ ಸ್ವಾತಂತ್ರ್ಯ ದೊರಕಿತು.

೫. ದೋಷವನ್ನು ಕಾಣುವ ಉಪಾಯಗಳು

ಹಾಗಾದರೆ ಶ್ರೋತೃವು ದೋಷವನ್ನು ಕಾಣುವುದು ಹೇಗೆ? ಉಪಾಯಗಳಲ್ಲಿ ಮುಖ್ಯವಾದುವು ನಾಲ್ಕು: ಕ್ರಮಸಂಖ್ಯೆ, ಕಾಲಾವಧಿ, ಸಂಬಂಧನಾಮ, ಶೇಷಾಂಕ. ಮೊದಲನೆಯದರಿಂದ ಪುನರುಕ್ತಿ, ವ್ಯುತ್ಕ್ರಮ, ಲೋಪಗಳು ತಿಳಿಯುವುವು. ಎರಡನೆಯದರಿಂದ ವಿಳಂಬವೂ ಲೋಪವೂ ತಿಳಿಯುವುವು. ವಕ್ತೃ ಶ್ರೋತೃಗಳ ಜೋಡಿಗೆಂದೇ ಕೊಟ್ಟ ಹೆಸರಿನಿಂದ ಪ್ರಕ್ಷೇಪ, ಅನ್ಯಗಮನಗಳು ಹೊರಬೀಳುವುವು. ಶೇಷಾಂಕದಿಂದ ವಿಕಾರವು ತಿಳಿಯುವುದು. ಈ ಕಡೆಯದನ್ನು ಸ್ವಲ್ಪ ವಿವರಿಸಬೇಕು.

ಗುಣಾಕಾರದ ಲೆಕ್ಕವನ್ನು ಪರೀಕ್ಷಿಸಲು ಒಂಬತ್ತನ್ನು ಕಳೆದು ಶೇಷವನ್ನು ನೋಡುವ ಪದ್ಧತಿಯನ್ನು ಎರಡನೆಯ ಆರ್ಯಭಟನ ಮಹಾಸಿದ್ಧಾಂತವು ಹೇಳುತ್ತದೆ. ೩೪೭ನ್ನು ೨೬ರಿಂದ ಗುಣಿಸಿದರೆ ೯೦೨೨. ಮೊದಲನೆಯದರ ಅಂಕಗಳನ್ನು ಕೂಡಿ ಒಂಬತ್ತು ಕಳೆದರೆ ೫, ಎರಡನೆಯದರದು ೮. ಇವುಗಳ ಗುಣಲಬ್ಧ ೪೦, ಅದರ ಶೇಷ ೪. ಉತ್ತರವಾದ ೯೦೨೨ರ ಶೇಷವೂ ೪. ಲೆಕ್ಕ ಸರಿಯಿರಬಹುದು. ಸರಿಯಿದೆಯೆಂದು ಹೇಳದೆ ಸರಿಯಿರಬಹುದೆಂದು ಹೇಳುವುದಕ್ಕೆ ಕಾರಣವಿದೆ. ಬರೆಯುವವನು ೯೦೨೨ರ ಬದಲು ೯೨೦೨ ಎಂದು ಬರೆದಿದ್ದರೂ ಶೇಷವು ೪ ಆಗಿಯೇ ಇರುತ್ತಿದ್ದಿತು. ಅಂಕಗಳ ಸ್ಥಾನಪಲ್ಲಟವು ಈ ಪರೀಕ್ಷೆಯ ಕಣ್ಣಿಗೆ ಬೀಳುವುದೇ ಇಲ್ಲ.

ಇದೇ ದೋಷವನ್ನು ಬೇರೆ ಭಾಜಕದಿಂದ ನೀಗಿಸಬಹುದು. ಅಕ್ಷದ ಸ್ಥಾನವು ೪೭೧೩ ಎಂದಿರಲಿ. ಅದನ್ನು ೯೭ರಿಂದ ಭಾಗಿಸಿದರೆ ಶೇಷ ೫೭. ವಕ್ತೃವು ಸ್ಥಾನದೊಡನೆ ಈ ೫೭ನ್ನೂ ಕಳುಹಿಸುತ್ತದೆ. ಮಾರ್ಗದಲ್ಲಿ ಅದು ೪೭೩೧ ಎಂದು ಕೆಟ್ಟರೆ ಶ್ರೋತೃವು ಭಾಗಿಸಿದಾಗ ೭೫ ಬರುತ್ತದೆ. ಬಂದ ಶೇಷಕ್ಕೂ ಎಣಿಸಿದ ಶೇಷಕ್ಕೂ ಹೊಂದಿಕೆಯಾಗದು. ಒಂಬತ್ತರ ಪರೀಕ್ಷೆಯು ಈ ತಪ್ಪನ್ನು ಬಿಟ್ಟುಬಿಡುತ್ತಿದ್ದಿತು, ಇದು ಹಿಡಿಯಿತು. ಯಂತ್ರಗಳಲ್ಲಿ ಸಂದೇಶದ ಒಂದು ಸೊನ್ನೆಗಳ ಸಾಲನ್ನು ಬೀಜಗಣಿತದ ಬಹುಪದವೆಂದು ಭಾವಿಸಿ, ಆರಿಸಿಕೊಂಡ ಮತ್ತೊಂದು ಬಹುಪದದಿಂದ ಭಾಗಿಸಿ ಶೇಷವನ್ನು ತೆಗೆಯುತ್ತಾರೆ. ವೆಸ್ಲಿ ಪೀಟರ್ಸನ್ ಎಂಬ ಗಣಿತಜ್ಞನು ೧೯೬೧ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಕ್ರಮವು ಪ್ರಸಿದ್ಧಿಗೆ ಬಂದಿತು. ಶೇಷವು ೧೬ ಅಂಕಗಳದಾದರೆ ಮನಬಂದಂತೆ ಕೆಟ್ಟ ಸಂದೇಶವೊಂದು ತಪ್ಪಿಸಿಕೊಳ್ಳುವ ಸಂಭವವು ಸುಮಾರು ೬೫,೫೩೬ರಲ್ಲಿ ಒಂದು. ೩೨ ಅಂಕಗಳದಾದರೆ ಸುಮಾರು ೪೨೯ ಕೋಟಿಯಲ್ಲಿ ಒಂದು.

ಕನ್ನಡ ಛಂದಸ್ಸು ಬಲ್ಲವರಿಗೆ ಈ ಶೇಷಾಂಕದ ಪ್ರಯೋಜನವು ಸುಲಭವಾಗಿ ಮನಗಾಣುವುದು. ಕಂದಪದ್ಯದ ಪಾದಗಳಲ್ಲಿ ಕ್ರಮವಾಗಿ ೧೨, ೨೦, ೧೨, ೨೦ ಮಾತ್ರೆಗಳಿರಬೇಕು; ಎರಡನೆಯ ಅಕ್ಷರದಲ್ಲಿ ಪ್ರಾಸವು ನಿಲ್ಲಬೇಕು. ಕವಿಯು ಇವುಗಳನ್ನು ಇಟ್ಟುದು ಸೌಂದರ್ಯಕ್ಕಾಗಿ. ಆದರೆ ಶತಮಾನಗಳ ಮೇಲೆ ಲಿಪಿಕಾರನು ಒಂದು ಅಕ್ಷರವನ್ನು ಬಿಟ್ಟರೆ ಮಾತ್ರೆ ಕಡಮೆಯಾಗಿ ಕೂಗುತ್ತದೆ. ಪ್ರಾಸಾಕ್ಷರವನ್ನು ಬದಲಾಯಿಸಿದರೆ ಪ್ರಾಸವು ಕೂಗುತ್ತದೆ. ಅರ್ಥಕ್ಕೆ ಅವಶ್ಯವಲ್ಲದ ನಿಯಮವೇ ಅರ್ಥದ ಕಾವಲಾಯಿತು. ಗದ್ಯಕ್ಕೆ ಈ ಕಾವಲಿಲ್ಲ. ಶೇಷಾಂಕವಿಲ್ಲದ ಸಂದೇಶವು ಗದ್ಯದಂತೆ. ಶೇಷಾಂಕವುಳ್ಳ ಸಂದೇಶವು ಪದ್ಯದಂತೆ.

ಇನ್ನೆರಡು ವಿಶೇಷಗಳನ್ನು ಹೇಳತಕ್ಕದ್ದು. ಪ್ರೊಫಿಸೇಫಿನ ಎರಡನೆಯ ರೂಪದಲ್ಲಿ ಕ್ರಮಸಂಖ್ಯೆಯನ್ನು ಸಂದೇಶದೊಳಗೆ ಕಳುಹಿಸುವುದೇ ಇಲ್ಲ. ವಕ್ತೃ ಶ್ರೋತೃಗಳಿಬ್ಬರೂ ಅದನ್ನು ತಮ್ಮೊಳಗೆ ಎಣಿಸಿಕೊಳ್ಳುತ್ತ ಶೇಷಾಂಕದ ಗಣನೆಯಲ್ಲಿ ಸೇರಿಸಿಕೊಳ್ಳುತ್ತಾರೆ. ಉಚ್ಚರಿಸದ ಪದವನ್ನು ವಾಕ್ಯದಲ್ಲಿ ತಂದುಕೊಳ್ಳುವ ಅಧ್ಯಾಹಾರಕ್ಕೆ ಇದು ಸಮಾನ. ಎಣಿಕೆ ತಪ್ಪಿದರೆ ಶೇಷವು ಹೊಂದದು. ಸೇಫ್ಟಿ ಓವರ್ ಈಥರ್‌ಕ್ಯಾಟ್‌ನಲ್ಲಿ ಹಿಂದಿನ ಸಂದೇಶದ ಶೇಷವನ್ನು ಮುಂದಿನ ಗಣನೆಯಲ್ಲಿ ಸೇರಿಸುತ್ತಾರೆ. ಆದುದರಿಂದ ಸಂದೇಶಗಳು ಸರಪಣಿಯಂತೆ ಕೂಡಿಕೊಳ್ಳುತ್ತವೆ. ಕ್ರಮಪಾಠದಲ್ಲಿ ಒಂದು ಎರಡು, ಎರಡು ಮೂರು, ಮೂರು ನಾಲ್ಕು ಎಂದು ಪ್ರತಿಪದವನ್ನೂ ಹಿಂದಿನದಕ್ಕೆ ಹೆಣೆಯುವಂತೆಯೇ ಇದು. ನಡುವಿನ ಪದವೊಂದು ಜಾರಿದರೆ ಎರಡು ಕಡೆಯಲ್ಲಿಯೂ ಹೆಣಿಗೆ ಬಿಚ್ಚುವುದು.

೬. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ

ಪದಗಳ ಗುಂಪು ವಾಕ್ಯವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ಶಾಸ್ತ್ರಕಾರರು ಒಪ್ಪಿದ್ದಾರೆ. ಮುಂದಿನ ಪದವನ್ನು ಹಿಂದಿನದು ಬಯಸಬೇಕು, ಅರ್ಥಗಳಲ್ಲಿ ಬಾಧೆಯಿರಬಾರದು, ಪದಗಳನ್ನು ತಡವಿಲ್ಲದೆ ಉಚ್ಚರಿಸಿರಬೇಕು. ಬೆಂಕಿಯಿಂದ ನೆನೆಸುತ್ತಾನೆಂಬಲ್ಲಿ ಯೋಗ್ಯತೆಯಿಲ್ಲ. ಒಂದು ಪದವನ್ನು ಈಗಲೂ ಮತ್ತೊಂದನ್ನು ಒಂದು ಜಾವದ ಮೇಲೂ ಹೇಳಿದರೆ ಸನ್ನಿಧಿಯಿಲ್ಲ.

ಚಲನವಾರ್ತೆಯ ಪರೀಕ್ಷೆಯೂ ಈ ಮೂರರ ಸುತ್ತಲೂ ತಿರುಗುವುದು ಗಮನಾರ್ಹವಾಗಿದೆ. ಕ್ರಮಸಂಖ್ಯೆಯ ಪರೀಕ್ಷೆಯು ಆಕಾಂಕ್ಷೆಯನ್ನು ನೋಡುತ್ತದೆ: ಏಳರ ಮೇಲೆ ಎಂಟನ್ನು ಬಯಸುತ್ತಿರುವ ಶ್ರೋತೃವಿಗೆ ಒಂಬತ್ತು ಬಂದರೆ ಆ ಬಯಕೆ ತೀರಲಿಲ್ಲ. ಅವಧಿಯ ಪರೀಕ್ಷೆಯು ಸನ್ನಿಧಿಯನ್ನು ನೋಡುತ್ತದೆ. ಶ್ರೋತೃವಿನ ಬಳಿ ವಾಚ್‌ಡಾಗ್ ಎಂಬ ಗಡಿಯಾರವುಂಟು. ಒಳ್ಳೆಯ ಸಂದೇಶವೊಂದು ಬಂದಾಗಲೆಲ್ಲ ಅದು ಮೊದಲಿನಿಂದ ಎಣಿಸತೊಡಗುತ್ತದೆ, ಅವಧಿಯು ಮುಗಿಯುವುದರೊಳಗೆ ಮುಂದಿನದು ಬಾರದಿದ್ದರೆ ಸಂಬಂಧವು ಕಡಿಯಿತೆಂದು ಸಾರುತ್ತದೆ. ಯೋಗ್ಯತೆಯ ಪರೀಕ್ಷೆಯು ಸಂದೇಶದ ಅರ್ಥವನ್ನೇ ನೋಡುತ್ತದೆ. ಅಕ್ಷವು ಒಂದು ಮಿಲಿಸೆಕೆಂಡಿನಲ್ಲಿ ಅರ್ಧ ಸುತ್ತು ತಿರುಗಿತೆಂದು ವಾರ್ತೆ ಬಂದರೆ, ಅಷ್ಟು ಭಾರವುಳ್ಳ ಅಕ್ಷಕ್ಕೆ ಅದು ಸಾಧ್ಯವಿಲ್ಲದ್ದರಿಂದ, ಶೇಷಾಂಕವು ಹೊಂದಿದ್ದರೂ ಆ ವಾರ್ತೆಯು ತ್ಯಾಜ್ಯ. ಜ್ಯಾ ಕೋಟಿಜ್ಯಾವರ್ಗಗಳ ಮೊತ್ತದ ಪರೀಕ್ಷೆಯೂ ಈ ಯೋಗ್ಯತಾಪರೀಕ್ಷೆಯ ಒಂದು ಭೇದವೇ.

ಗ್ರಂಥಸಂಪಾದನೆಗೂ ಇದಕ್ಕೂ ಇರುವ ಒಂದು ದೊಡ್ಡ ಅಂತರವನ್ನು ಮರೆಯಬಾರದು. ಸಂಪಾದಕನು ಕೆಟ್ಟ ಪಾಠವನ್ನು ಕಂಡಾಗ ಸರಿಯಾದುದನ್ನು ಊಹಿಸಿ ತಿದ್ದುತ್ತಾನೆ. ಅದು ಅವನ ಪಾಂಡಿತ್ಯಕ್ಕೆ ಒರೆಗಲ್ಲು. ರಕ್ಷಣೆಯ ವಿಷಯದಲ್ಲಿ ಶ್ರೋತೃವಿಗೆ ಆ ಅಧಿಕಾರವಿಲ್ಲ. ಕೆಟ್ಟ ಸಂದೇಶವನ್ನು ತಿದ್ದಿ ನಂಬುವುದಕ್ಕಿಂತ ಬಿಟ್ಟುಬಿಡುವುದೇ ಇಲ್ಲಿಯ ಧರ್ಮ.

೭. ಮೌನದ ಅರ್ಥ

ಬಿಟ್ಟಮೇಲೆ ಮಾಡತಕ್ಕುದೇನು? ಲೋಕದಲ್ಲಿ ಸುದ್ದಿ ಬಾರದಿದ್ದರೆ ಎಲ್ಲವೂ ಕ್ಷೇಮವೆಂದು ತಿಳಿಯುವುದುಂಟು. ಇಲ್ಲಿ ಅದಕ್ಕೆ ವಿಪರೀತ. ‘ಅಪಾಯ’ ಎಂಬ ಮಾತು ಬಂದರೆ ನಿಲ್ಲಬೇಕೆಂದು ಏರ್ಪಡಿಸಿದರೆ ಆ ಮಾತೇ ಕಳೆದುಹೋಗಬಹುದು. ಆದುದರಿಂದ ‘ಕ್ಷೇಮ’ ಎಂಬ ಮಾತು ತಪ್ಪದೆ ಬರುತ್ತಿರುವವರೆಗೆ ಮಾತ್ರ ಚಲಿಸಬೇಕೆಂದು ಏರ್ಪಡಿಸುತ್ತಾರೆ. ಆಗ ಮೌನವೂ, ಕೆಟ್ಟ ಮಾತೂ, ತಡವಾದ ಮಾತೂ ಒಂದೇ ಅರ್ಥವನ್ನು ಕೊಡುತ್ತವೆ: ನಿಲ್ಲು.

ನಿಲ್ಲುವುದರಲ್ಲಿಯೂ ಬಗೆಗಳುಂಟು. ಡ್ರೈವ್‌ಗಳ ರಕ್ಷಣಾಕಾರ್ಯಗಳನ್ನು ಹೇಳುವ ಐ.ಇ.ಸಿ. ೬೧೮೦೦-೫-೨ ಎಂಬ ಮಾನಕದಲ್ಲಿ ಮೋಟಾರಿನ ತಿರುಗುಬಲವನ್ನು ಕೂಡಲೆ ತೆಗೆದುಬಿಡುವುದು, ಮೊದಲು ವೇಗವನ್ನು ತಗ್ಗಿಸಿ ಅನಂತರ ಬಲವನ್ನು ತೆಗೆಯುವುದು, ನಿಲ್ಲಿಸಿದ ಮೇಲೆಯೂ ಬಲವನ್ನಿಟ್ಟುಕೊಂಡು ಸ್ಥಾನವನ್ನು ಕಾಯುವುದು ಎಂಬ ಭೇದಗಳಿವೆ. ವಾರ್ತೆಯ ಪ್ರಾಮಾಣ್ಯವು ಹೋದ ಮೇಲೆ ಕಡೆಯ ಬಗೆಯು ಸಲ್ಲದು. ಸ್ಥಾನವೇ ತಿಳಿಯದಿರುವಾಗ ಅದನ್ನು ಕಾಯುವುದೆಂತು? ಇನ್ನು ಬಲವನ್ನು ಕೂಡಲೆ ತೆಗೆಯುವುದು ಎಲ್ಲೆಡೆಯಲ್ಲಿಯೂ ಕ್ಷೇಮವೆಂದು ತಿಳಿಯಬಾರದು. ಮೇಲೆ ಕೆಳಗೆ ಚಲಿಸುವ ಅಕ್ಷವು ಭಾರವನ್ನು ಎತ್ತಿ ಹಿಡಿದಿರುವಾಗ ಬಲವನ್ನು ತೆಗೆದರೆ ಭಾರವು ಬೀಳುವುದು. ಅಂಥಲ್ಲಿ ತಾನಾಗಿ ಹಿಡಿಯುವ ಬ್ರೇಕು ಅವಶ್ಯಕ. ಮೌನಕ್ಕೆ ನಿಲ್ಲು ಎಂಬ ಅರ್ಥವನ್ನು ಕೊಡುವುದು ಸುಲಭ. ಹೇಗೆ ನಿಂತರೆ ಕ್ಷೇಮವೆಂಬುದನ್ನು ಆಯಾ ಯಂತ್ರವನ್ನು ನೋಡಿ ನಿಶ್ಚಯಿಸಬೇಕು.

೮. ಪ್ರಾಮಾಣ್ಯದ ಎಲ್ಲೆ

ಈ ಉಪಾಯಗಳೆಲ್ಲವನ್ನೂ ಮಾಡಿದ ಮೇಲೆಯೂ ಸಂಶಯವು ಶೂನ್ಯವಾಗುವುದಿಲ್ಲ. ಅಳತೆಗೆ ಒಳಗಾಗುತ್ತದೆ ಅಷ್ಟೆ. ಮಾನಕಗಳು ರಕ್ಷಣೆಯ ದಾರ್ಢ್ಯವನ್ನು ನಾಲ್ಕು ಮೆಟ್ಟಲುಗಳಾಗಿ ವಿಂಗಡಿಸಿವೆ. ಎಡೆಬಿಡದೆ ನಡೆಯುವ ಕಾರ್ಯಗಳಲ್ಲಿ ಮೂರನೆಯ ಮೆಟ್ಟಲಿಗೆ ಅಪಾಯಕರವಾದ ವೈಫಲ್ಯವು ಒಂದು ಕೋಟಿ ಗಂಟೆಗಳಿಗೆ ಒಂದಕ್ಕಿಂತ ಕಡಮೆಯಿರಬೇಕು. ಅದರಲ್ಲಿ ನೂರರಲ್ಲಿ ಒಂದು ಪಾಲನ್ನು ಮಾತ್ರ ಸಂದೇಶಮಾರ್ಗವು ಬಳಸಿಕೊಳ್ಳಬಹುದು. ಎಂದರೆ ೧೦೦ ಕೋಟಿ ಗಂಟೆಗಳಿಗೆ ಒಂದು. ಒಂದು ಕೋಟಿ ಗಂಟೆಯೆಂದರೆ ಸುಮಾರು ೧,೧೪೧ ವರ್ಷ. ಒಂದೇ ಯಂತ್ರಕ್ಕೆ ಇದು ಅನಂತಕಾಲದಂತೆ ತೋರುವುದು. ಆದರೆ ಹತ್ತು ಸಾವಿರ ಯಂತ್ರಗಳು ಹಗಲಿರುಳೂ ನಡೆಯುತ್ತಿದ್ದು ಪ್ರತಿಯೊಂದೂ ಆ ಮಿತಿಯ ಅಂಚಿನಲ್ಲಿಯೇ ಇದ್ದರೆ, ಎಲ್ಲವೂ ಕೂಡಿ ಒಂದು ಸಾವಿರ ಗಂಟೆಗೆ, ಎಂದರೆ ಸುಮಾರು ೪೨ ದಿನಗಳಿಗೆ ಒಂದು ವೈಫಲ್ಯವಾಗುವುದು. ಸಂದೇಶಮಾರ್ಗದ ಪಾಲಿಗೆ ಸುಮಾರು ೧೧ ವರ್ಷಗಳಿಗೆ ಒಂದು. ಇದರಿಂದಲೇ ಆ ಮಿತಿಯು ವಿಲಾಸವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಇದಕ್ಕಿಂತ ಆಳವಾದ ಎಲ್ಲೆ ಮತ್ತೊಂದಿದೆ. ಇದುವರೆಗೆ ಹೇಳಿದ ಪರೀಕ್ಷೆಗಳಲ್ಲಿ ಹೆಚ್ಚಿನವು ಹೊರಟ ಮಾತೇ ಬಂದಿತೆಂಬುದನ್ನು ಸಾಧಿಸುತ್ತವೆ; ಹೊರಟ ಮಾತು ನಿಜವೆಂಬುದನ್ನು ಸಾಧಿಸುವುದಿಲ್ಲ. ಎನ್‌ಕೋಡರನ್ನು ಅಕ್ಷಕ್ಕೆ ಬಿಗಿದ ಜೋಡಣೆ ಸಡಿಲವಾಗಿರಲಿ. ಅಕ್ಷವು ತಿರುಗುತ್ತದೆ, ಬಿಲ್ಲೆ ನಿಂತಿರುತ್ತದೆ. ಜ್ಯಾ ಕೋಟಿಜ್ಯಾಗಳು ಸರಿಯಾಗಿವೆ, ಶೇಷವು ಹೊಂದುತ್ತದೆ, ಕ್ರಮವು ತಪ್ಪಿಲ್ಲ, ಕಾಲವು ಮೀರಿಲ್ಲ. ವಾರ್ತೆಯು ನಿರ್ದುಷ್ಟವಾಗಿ ಬಂದು ಸೇರಿದ ಸುಳ್ಳು. ನೈಯಾಯಿಕರು ಶಬ್ದದ ಪ್ರಾಮಾಣ್ಯವನ್ನು ವಕ್ತೃವಿನ ಆಪ್ತತ್ವದ ಮೇಲೆ ನಿಲ್ಲಿಸಿದುದು ಇಂಥ ಸ್ಥಳಗಳನ್ನು ನೋಡಿದರೆ ಎಷ್ಟು ಯುಕ್ತವೆಂದು ತೋರುತ್ತದೆ. ಪಾಠಶುದ್ಧಿಯೇ ಬೇರೆ, ಅರ್ಥಸತ್ಯವೇ ಬೇರೆ.

ಇದಕ್ಕೆ ಎರಡು ಪರಿಹಾರಗಳನ್ನು ಕೈಕೊಳ್ಳುತ್ತಾರೆ. ಆ ಜೋಡಣೆಯನ್ನು ಅವಶ್ಯಕ್ಕಿಂತ ಎಷ್ಟೋ ಪಾಲು ಬಲವಾಗಿ ಮಾಡಿ, ಅದು ಸಡಿಲವಾಗದೆಂದು ಲೆಕ್ಕದಿಂದಲೂ ಪರೀಕ್ಷೆಯಿಂದಲೂ ತೋರಿಸುವುದು ಒಂದು. ಸ್ವತಂತ್ರವಾದ ಎರಡು ಸಾಕ್ಷಿಗಳನ್ನು ಕೇಳುವುದು ಮತ್ತೊಂದು. ಜರ್ಮನಿಯ ಟ್ರಾನ್‌ರಾಯ್ಟಿನ ಹೈಡೆನ್‌ಹೈನ್ ಸಂಸ್ಥೆಯ ಎನ್‌ಡ್ಯಾಟ್ ೨.೨ ಎಂಬ ಕ್ರಮದಲ್ಲಿ ರಕ್ಷಣೆಗೆಂದು ಮಾಡಿದ ಎನ್‌ಕೋಡರು ಒಂದಕ್ಕೊಂದು ಅವಲಂಬಿಸದ ಎರಡು ಸ್ಥಾನಸಂಖ್ಯೆಗಳನ್ನು ಕಳುಹಿಸ ಬಲ್ಲುದು. ನಿಯಂತ್ರಕವು ಅವೆರಡನ್ನೂ ಹೋಲಿಸುತ್ತದೆ. ಆದರೆ ಎರಡು ಸಂಖ್ಯೆಗಳೂ ಒಂದೇ ಸಡಿಲವಾದ ಜೋಡಣೆಯ ಮೇಲಿನ ಬಿಲ್ಲೆಯಿಂದ ಬಂದರೆ ಇಬ್ಬರು ಸಾಕ್ಷಿಗಳೂ ಒಂದೇ ಗಾಳಿಸುದ್ದಿಯನ್ನು ಕೇಳಿಬಂದವರಂತಾಗುವರು. ಆದಕಾರಣ ಮೊದಲನೆಯ ಪರಿಹಾರವನ್ನು ಎರಡನೆಯದು ತಳ್ಳಿಹಾಕಲಾರದು.

ಬೇಕೆಂದೇ ಮಾಡುವ ಮೋಸವೂ ಈ ಪರೀಕ್ಷೆಗಳಿಗೆ ನಿಲುಕದು. ಛಂದಸ್ಸನ್ನು ಬಲ್ಲ ಪ್ರಕ್ಷೇಪಕನು ಮಾತ್ರೆ ಪ್ರಾಸಗಳು ತಪ್ಪದಂತೆ ಪದ್ಯವನ್ನು ಸೇರಿಸಬಲ್ಲನು; ಶೇಷಾಂಕದ ನಿಯಮವನ್ನು ಬಲ್ಲ ದುಷ್ಟನು ಹೊಂದುವ ಶೇಷವನ್ನು ತಾನೇ ಕಟ್ಟಬಲ್ಲನು. ಶೇಷಾಂಕವು ಪ್ರಮಾದವನ್ನು ಹಿಡಿಯುವುದಕ್ಕೆ ಇರುವುದು, ವಂಚನೆಯನ್ನು ಹಿಡಿಯುವುದಕ್ಕಲ್ಲ. ಅದನ್ನು ತಡೆಯುವ ವಿಧಾನಗಳನ್ನು ಐ.ಇ.ಸಿ. ೬೨೪೪೩ ಎಂಬ ಬೇರೆ ಮಾನಕಾವಳಿಯು ಹೇಳುತ್ತದೆ.

೯. ಉಪಸಂಹಾರ

ಜ್ಞಾನದ ಪ್ರಾಮಾಣ್ಯವು ಸ್ವತಃ ಸಿದ್ಧವೆಂದು ಮೀಮಾಂಸಕರು. ಕಾರಣದೋಷವೋ ಬಾಧಕಜ್ಞಾನವೋ ಕಂಡುಬರುವವರೆಗೆ ನಂಬತಕ್ಕದ್ದೆಂದು ಅವರ ಮತ. ಪ್ರಾಮಾಣ್ಯವು ಪರತಃ ತಿಳಿಯತಕ್ಕದ್ದೆಂದು ನೈಯಾಯಿಕರು. ನೀರೆಂದು ತಿಳಿದು ಹೋದವನಿಗೆ ನೀರು ದೊರೆತರೆ, ಆ ಸಫಲಪ್ರವೃತ್ತಿಯಿಂದ ಮೊದಲಿನ ತಿಳಿವು ಪ್ರಮೆಯೆಂದು ಊಹಿಸುವುದು ಅವರ ಕ್ರಮ. ಚಲನವಾರ್ತೆಯನ್ನು ಕೇಳುವ ನಿಯಂತ್ರಕವು ಮೊದಲನೆಯ ಪಕ್ಷವನ್ನು ಹಿಡಿಯಲಾರದು. ನಂಬಿ ಚಲಿಸಿದ ಮೇಲೆ ಬಾಧಕವು ಕಂಡರೆ ಅಷ್ಟರಲ್ಲಿ ಅನಾಹುತವು ಆಗಿಹೋಗಿರುತ್ತದೆ. ಎರಡನೆಯ ಪಕ್ಷದ ಸಫಲಪ್ರವೃತ್ತಿಯೂ ಅದೇ ಕಾರಣದಿಂದ ಅದಕ್ಕೆ ಒದಗದು. ಕೈಯನ್ನು ಒಡ್ಡಿ ಸತ್ಯವನ್ನು ಪರೀಕ್ಷಿಸುವಂತಿಲ್ಲ. ಆದುದರಿಂದ ಪ್ರವೃತ್ತಿಗೆ ಮೊದಲೇ, ಎಣಿಸಿದ ದೋಷಗಳಲ್ಲಿ ಒಂದೂ ಇಲ್ಲವೆಂದು ಪ್ರತಿಸಂದೇಶದಲ್ಲಿಯೂ ಪರೀಕ್ಷಿಸಿ, ಪರೀಕ್ಷೆಯು ಗೆಲ್ಲದಿದ್ದರೆ ಪ್ರವೃತ್ತಿಯನ್ನೇ ಬಿಡುವ ಮೂರನೆಯ ದಾರಿಯನ್ನು ಅದು ಹಿಡಿಯಿತು.

ಈ ದಾರಿಯಿಂದ ಒಂದು ನಷ್ಟವುಂಟು. ನಿಜವಾದ ವಾರ್ತೆಯನ್ನೂ ಕೆಲವು ಸಲ ಸಂಶಯದಿಂದ ಬಿಟ್ಟು ಯಂತ್ರವು ನಿಷ್ಕಾರಣವಾಗಿ ನಿಲ್ಲುವುದು, ಉತ್ಪತ್ತಿ ಕುಂದುವುದು, ಬೇಸತ್ತ ಮೇಲ್ವಿಚಾರಕನು ಅವಧಿಯನ್ನು ಸಡಿಲಿಸಬೇಕೆಂದು ಬಯಸುವನು. ಅವಧಿಯನ್ನು ೫೦ ಮಿಲಿಸೆಕೆಂಡು ಹೆಚ್ಚಿಸಿದರೆ ಕೈಗೂ ಅಪಾಯಕ್ಕೂ ನಡುವಣ ಅಂತರವನ್ನು ೧೦ ಸೆಂಟಿಮೀಟರ್ ಹೆಚ್ಚಿಸಬೇಕಾಗುವುದೆಂಬ ಲೆಕ್ಕವನ್ನು ಆಗ ಮುಂದಿಡತಕ್ಕದ್ದು. ಅಂತರವನ್ನು ಹೆಚ್ಚಿಸದೆ ಅವಧಿಯನ್ನು ಮಾತ್ರ ಸಡಿಲಿಸಿದರೆ, ಉಳಿಸಿದ ಕಾಲದ ಬೆಲೆಯನ್ನು ಒಳಗೆ ಕೈಯಿಟ್ಟವನು ತೆರಬೇಕಾಗುವುದು.